ಬೆರಳಚ್ಚು ಬರೋ ಮುಂಚೆ ಪೊಲೀಸ್ನೋರು ಕಿವಿ, ಪಾದ ಎಲ್ಲ ಯಾಕೆ ಅಳೀತಿದ್ರು?

ಹಳೇಕಡತ: ಪ್ಯಾರಿಸ್ ಪೊಲೀಸ್ನೋರ ಹಳೇ ಚಿತ್ರ ಒಂದು ನೋಡ್ದೆ. ಒಬ್ಬ ಆಸಾಮಿ ಸ್ಟೂಲ್ ಮೇಲೆ ಎಡಗಾಲೂರಿ ಒಂಟಿಕಾಲಲ್ಲಿ ನಿಂತಿದಾನೆ, ಇನ್ನೊಬ್ಬ ಬಗ್ಗಿ ಪಾದ ಅಳೀತಿದಾನೆ. ಅಷ್ಟೊತ್ತಿಗೆ ಕ್ಯಾಮೆರಾ ಬಂದಿತ್ತಲ್ವಾ, ಫೋಟೋ ನೋಡಿ ಹಿಡಿಯೋದ್ ಬಿಟ್ಟು ಇದೆಲ್ಲ ಯಾಕೆ?

ತುಂಗಾತೀರ: ಫೋಟೋ ಬೇಕಾದಷ್ಟಿತ್ತು, ಹುಡುಕೋಕೆ ದಾರಿ ಇರ್ಲಿಲ್ಲ. ಹತ್ತಾರು ಸಾವಿರ ಫೋಟೋನ ಹೆಸ್ರಿನ ಪ್ರಕಾರ ಜೋಡಿಸಿಟ್ರೆ, ಸಿಕ್ಕಿಬಿದ್ದೋನು ಸುಳ್ಳು ಹೆಸ್ರು ಹೇಳ್ದಾಗ ಮುಗೀತು ಕಥೆ. ಅಲ್ಫೋನ್ಸ್ ಬರ್ಟಿಲಾನ್ 1879ರಲ್ಲಿ ಅಲ್ಲಿಗೆ ಗುಮಾಸ್ತನಾಗಿ ಸೇರಿ ಇಂಥ ಕಾರ್ಡ್‌ಗಳನ್ನೇ ನಕಲು ಮಾಡ್ತಿದ್ದ. ದೊಡ್ಡೋರಾದ್ಮೇಲೆ ಮೂಳೆ ಅಳತೆ ಬದಲಾಗಲ್ಲ ಅನ್ನೋದನ್ನ ಹಿಡ್ಕೊಂಡು ತಲೆ ಉದ್ದ, ತಲೆ ಅಗಲ, ಎಡಗೈ ಮಧ್ಯದ ಬೆರಳು, ಎಡ ಪಾದ, ಮೊಳ, ಬಲಗಿವಿ ಹೀಗೆ 11 ಅಳತೆ ತಗೊಂಡ. ನನ್ಗೆ ತುಂಬಾ ಇಷ್ಟ ಆಗೋದು ಅವನ ಬೀರು. ತಲೆ ಉದ್ದ ಸಣ್ಣದು, ಮಧ್ಯಮ, ದೊಡ್ಡದು ಅಂತ ಮೂರು ಪಾಲು, ಒಂದೊಂದನ್ನೂ ತಲೆ ಅಗಲದ ಮೇಲೆ ಮತ್ತೆ ಮೂರು ಪಾಲು, ಆಮೇಲೆ ಬೆರಳು... 81,000 ಕಾರ್ಡ್ ಇದೆ ಅಂದ್ಕೊಳಿ, ನಾಲ್ಕನೇ ಅಳತೆಗೆ ಹೆಚ್ಚುಕಮ್ಮಿ ಸಾವಿರಕ್ಕೆ ಬಂತು! ಕೊನೇಗೆ ಉಳಿಯೋ ನಾಲ್ಕೈದು ಕಾರ್ಡಿನ ಜೊತೆ ಫೋಟೋ ಹೋಲಿಸೋದು. ಫೆಬ್ರವರಿ 1883ರಲ್ಲಿ ಹೆಸ್ರು ಬದಲಾಯಿಸ್ಕೊಂಡು ಬಂದ ಮೊದಲ ಹಳೇ ಕಳ್ಳ ಹೀಗೇ ಸಿಕ್ಕಿಬಿದ್ದ.

ಬೆಳಕಿಂಡಿ: ಫೋಟೋನೂ ಒಂದು ಹದಕ್ಕೆ ತಂದಿದ್ದು ಅವನೇ. ಮುಂಚೆ ಸ್ಟುಡಿಯೋ ಥರ ಒಬ್ಬೊಬ್ಬರದ್ದು ಒಂದೊಂದು ಭಂಗಿ, ಒಂದೊಂದು ಬೆಳಕು. ಇವನು ಎದುರಿಂದ ಒಂದು, ಬಲಪಕ್ಕದಿಂದ ಒಂದು, ಯಾವಾಗ್ಲೂ ಅದೇ ದೂರ, ಅದೇ ಕುರ್ಚಿ ಅಂತ ಕಟ್ಟುಮಾಡಿದ. ಗಡ್ಡ ಬಿಟ್ರೂ ದಪ್ಪ ಆದ್ರೂ ಕಿವಿ ಆಕಾರ ಹಾಗೇ ಇರುತ್ತೆ ನೋಡಿ, ಪಕ್ಕದ ಫೋಟೋ ಅದಕ್ಕೇ.

ವರ್ನಿಯರ್: ನಾನು ಮಷೀನ್ ಶಾಪಲ್ಲಿ ಕ್ವಾಲಿಟಿ ಚೆಕಿಂಗ್ ಮಾಡೋನು. ಈ ಥ್ರೆಡ್ ಓದಿ ಊಟದ ಟೈಮಲ್ಲಿ ಜೊತೆಗಾರನ ಮಧ್ಯದ ಬೆರಳು ಮೂರ್ಸಲ ಅಳದೆ, ಮೂರ್ಸಲಾನೂ ಬೇರೆ ಬೇರೆ ಬಂತು, ಕ್ಯಾಲಿಪರ್ ಸ್ವಲ್ಪ ಒತ್ತಿದ್ರೂ ಚರ್ಮ ತಗ್ಗುತ್ತೆ. ಒಂದು ಮಿಲಿಮೀಟರ್ ತಪ್ಪಿದ್ರೆ ಕಾರ್ಡ್ ಪಕ್ಕದ ಖಾನೆಗೆ ಹೋಗುತ್ತೆ, ಆಮೇಲೆ ಸಿಗಲ್ಲ. ಬಂಗಾಳದಲ್ಲೂ ಇದೇ ಪಾಡು, ಅಲ್ಲಿ ಪೊಲೀಸ್ ಇನ್ಸ್‌ಪೆಕ್ಟರ್ ಜನರಲ್ ಆಗಿದ್ದ ಎಡ್ವರ್ಡ್ ಹೆನ್ರಿ ಮೊದಲು ಅಳತೆನೇ ನಡೆಸಿ, ಆಮೇಲೆ 1897ರಲ್ಲಿ ಕಲ್ಕತ್ತಾದಲ್ಲಿ ಬೆರಳಚ್ಚಿಗೆ ಹೊರಳಿದ್ರು. ಅದನ್ನ ಜೋಡಿಸೋ ಲೆಕ್ಕ ಕಟ್ಟಿದ್ರಲ್ಲಿ ಅಜೀಜುಲ್ ಹಕ್, ಹೇಮಚಂದ್ರ ಬೋಸ್ ಇಬ್ಬರದ್ದೂ ದೊಡ್ಡ ಪಾಲಿದೆ, ಆದ್ರೆ ಹೆಸ್ರು ಮಾತ್ರ ಹೆನ್ರಿ ಪದ್ಧತಿ ಅಂತಾನೇ ಉಳೀತು, ಇದು ನನ್ಗೆ ನಿಜವಾಗ್ಲೂ ಬೇಜಾರು.

ಹಳೇಕಡತ: ತುಂಬಾ ಥ್ಯಾಂಕ್ಸ್ ಎಲ್ರಿಗೂ. ಬೆರಳಚ್ಚಲ್ಲಿ ಅಳತೆನೇ ಇಲ್ಲ ಅಂದ್ರೆ ಖಾನೆ ಹೇಗೆ ಮಾಡಿದ್ರು?

ವರ್ನಿಯರ್: ಅಜ್ಜಿಯಂದಿರು ಮಕ್ಕಳ ಬೆರಳು ಹಿಡ್ಕೊಂಡು ಚಕ್ರ ಎಷ್ಟು ಶಂಖ ಎಷ್ಟು ಅಂತ ಎಣಿಸ್ತಾರಲ್ಲ, ಹೆಚ್ಚುಕಮ್ಮಿ ಅದೇ. ಒಂದೊಂದು ಬೆರಳಲ್ಲೂ ಚಕ್ರ ಇದೆಯಾ ಇಲ್ವಾ ಅಷ್ಟೇ ನೋಡೋದು, ಹತ್ತು ಬೆರಳಿಗೆ ಒಟ್ಟು 1024 ಖಾನೆ ಆಗುತ್ತೆ. ಚಕ್ರ ಇದೆಯೋ ಇಲ್ವೋ ಅನ್ನೋದು ಕ್ಯಾಲಿಪರ್ ಒತ್ತಿದ್ರೆ ಬದಲಾಗಲ್ವಲ್ಲ.