200 ಜಿಎಸ್‌ಎಂ ವಾಡಿಂಗ್ ನೀಟಾಗಿ ಕಟ್ ಆಗ್ತಿಲ್ಲ: ಕತ್ತರಿಯಾ, ರೋಟರಿ ಕಟರಾ?

ಪ್ರಶ್ನೆ (ಸಕಲೇಶಪುರ)

ಹೋಂಸ್ಟೇಗೆ ಆರು ರಜಾಯಿ ಹೊಲಿಯಬೇಕು. ಮೇಲಿನ ಬಟ್ಟೆ 60×90 ಇಂಚು, ರೆಡಿ ಇದೆ. ಒಳಗೆ ಹಾಕೋಕೆ 200 ಜಿಎಸ್‌ಎಂ (ಚದರ ಮೀಟರಿಗೆ 200 ಗ್ರಾಂ ತೂಗೋ) ಪಾಲಿಯೆಸ್ಟರ್ ವಾಡಿಂಗ್, ಅಂದ್ರೆ ನಾರಿನ ಉಬ್ಬು ಹಾಳೆ, 60 ಇಂಚು ಪನ್ನದ ರೋಲ್. ಕೆಳಗೆ ಹಾಸಿ ಕತ್ತರಿಸೋ ಮ್ಯಾಟ್ ಚಿಕ್ಕದು, ಅದಕ್ಕೇ ಗ್ರಾನೈಟ್ ನೆಲದ ಮೇಲೆ ನ್ಯೂಸ್‌ಪೇಪರ್ ಹಾಸಿ 45 ಮಿ.ಮೀ. ರೋಟರಿ ಕಟರ್ (ಉರುಳೋ ದುಂಡು ಬ್ಲೇಡಿನದು) ಓಡಿಸಿದೆ. ಅಲ್ಲಲ್ಲಿ ಎಳೆ ಎಳೆಯಾಗಿ ಕತ್ತರಿಸದೇ ಉಳೀತಿದೆ. 8 ಇಂಚಿನ ಕತ್ತರಿಯಲ್ಲಿ ಎರಡು ಮಡಿಕೆ ಸೇರಿಸಿ ಕತ್ತರಿಸಿದರೆ ಕೆಳಗಿನ ಪದರ ಒಂದಿಂಚು ಗಿಡ್ಡ ಬರುತ್ತೆ, ಅಂಚೆಲ್ಲ ಇಲಿ ಕಡಿದ ಹಾಗೆ. 60 ಮಿ.ಮೀ. ಕಟರ್ ತಗೊಳ್ಳಲಾ, ಇಲ್ಲಾ ಕರೆಂಟಿನದ್ದೇ ತಗೊಳ್ಳಲಾ?

ಉತ್ತರ (ಹಾಸನ)

ಮೇಡಂ, ಹೊಸದು ಕೊಳ್ಳೋ ಮುಂಚೆ ಉಳಿದ ಎಳೆಗಳ ನಡುವಿನ ಅಂತರ ಟೇಪಿನಲ್ಲಿ ಅಳೆಯಿರಿ. 45 ಮಿ.ಮೀ. ಬ್ಲೇಡ್ ಒಂದು ಸುತ್ತು ಉರುಳಿದರೆ ಸುಮಾರು 14 ಸೆಂ.ಮೀ., ಅಂದರೆ ಐದೂವರೆ ಇಂಚು. ಎಳೆಗಳು ಸರಿಯಾಗಿ ಅಷ್ಟಷ್ಟು ದೂರಕ್ಕೆ ಉಳೀತಿದ್ರೆ ಬ್ಲೇಡಿನ ಒಂದೇ ಜಾಗದಲ್ಲಿ ಬಾಯಿ ಮುರಿದಿದೆ. ಉದ್ದಕ್ಕೂ ಉಳೀತಿದ್ರೆ ಬ್ಲೇಡ್ ಪೂರ್ತಿ ಮೊಂಡು. ಬ್ಲೇಡ್ ಚೆನ್ನಾಗಿದ್ದೂ ಪ್ರತಿ ಸಲ ಮ್ಯಾಟಿನ ಒಂದೇ ಜಾಗದಲ್ಲಿ ಉಳಿದರೆ ಅಲ್ಲಿ ಮ್ಯಾಟಿಗೆ ಗುಂಡಿ ಬಿದ್ದಿರುತ್ತೆ, ಬ್ಲೇಡ್ ಅಲ್ಲಿ ಗಾಳಿಯಲ್ಲಿ ತಿರುಗುತ್ತೆ.

ನಿಮ್ಮದು ಗ್ರಾನೈಟ್ ಮೇಲೆ ಓಡಿದ ಬ್ಲೇಡ್, ಅದರ ಕಥೆ ಮುಗಿದ ಹಾಗೇ. ಕಲ್ಲಿನ ಮೇಲೆ ಒಂದೇ ಎಳೆತ ಸಾಕು. ನ್ಯೂಸ್‌ಪೇಪರ್ ಅದನ್ನು ಕಾಯೋದಿಲ್ಲ, ಉಲ್ಟಾ ಪೇಪರ್ ಕತ್ತರಿಸಿದರೇ ಬ್ಲೇಡ್ ಮೊಂಡಾಗುತ್ತೆ. ಬ್ಲೇಡ್ ಹಿಡಿದಿರೋ ನಟ್ ಕೂಡ ನೋಡಿ. ತೀರಾ ಬಿಗಿ ಇದ್ರೆ ಬ್ಲೇಡ್ ಉರುಳದೆ ಜಾರಿಕೊಂಡು ಹೋಗಿ ಒಂದೇ ಕಡೆ ಸವೆಯುತ್ತೆ, ಸಡಿಲ ಇದ್ರೆ ಓಲಾಡಿ ಗೆರೆ ಸೊಟ್ಟ ಆಗುತ್ತೆ.

ಅಸಲಿ ವಿಷಯ ಬೇರೆ ಇದೆ. ವಾಡಿಂಗ್ ಅನ್ನು ಈ ಹಂತದಲ್ಲಿ ಅಷ್ಟು ನೀಟಾಗಿ ಕತ್ತರಿಸೋ ಅಗತ್ಯವೇ ಇಲ್ಲ. ನಾಲ್ಕೂ ಕಡೆ 3 ಇಂಚು ಹೆಚ್ಚಿಗೆ ಬಿಟ್ಟು ಕತ್ತರಿಯಲ್ಲೇ ಒರಟಾಗಿ ಕತ್ತರಿಸಿ, ಮೂರು ಪದರ ಸೇರಿಸಿ ಹೊಲಿಗೆ ಪೂರ್ತಿ ಹಾಕಿ, ಅಂಚುಪಟ್ಟಿ ಕೂರಿಸೋ ಮುಂಚೆ ಒಮ್ಮೆ ರೋಟರಿಯಲ್ಲಿ ಸಮ ಮಾಡಿ. ಆಗ ಹೊಲಿಗೆ ಬಿದ್ದು ಪದರ ಅದುಮಿಕೊಂಡಿರುತ್ತೆ, ಬ್ಲೇಡ್ ಸಲೀಸಾಗಿ ಇಳಿಯುತ್ತೆ. ಉಬ್ಬಿದ ವಾಡಿಂಗ್ ಮೇಲೆ ಸ್ಕೇಲ್ ಇಟ್ಟು ಕತ್ತರಿಸಿದರೆ ಅದು ಸ್ಕೇಲಿನ ಮುಂದೆ ತೆರೆಯ ಥರ ಸರಿದು ಹೋಗುತ್ತೆ. ಯಾವ ಕಟರ್ ತಂದರೂ ಇದೇ ಹಾಡು.

ಉತ್ತರ (ಚಿಕ್ಕಮಗಳೂರು)

ಕತ್ತರಿ ಬಗ್ಗೆ ನಾನು ಹೇಳ್ತೀನಿ. 8 ಇಂಚಿನದು ಈ ಕೆಲಸಕ್ಕೆ ಚಿಕ್ಕದು, ಟೈಲರ್‌ಗಳ 10 ಇಂಚಿನದು ಬೇಕು. ಹಿಡಿ ಬಾಗಿದ್ದು, ಕೆಳಗಿನ ಅಲಗು ನೆಲಕ್ಕೆ ತಾಗಿಕೊಂಡೇ ಜಾರೋ ಹಾಗಿರಲಿ. ವಾಡಿಂಗ್ ಎತ್ತಿ ಹಿಡಿದು ಕತ್ತರಿಸಿದ್ರೆ ಪದರ ಜಾರಿ ಕೆಳಗಿನದು ಗಿಡ್ಡ ಆಗುತ್ತೆ, ನಿಮಗೆ ಆಗಿರೋದು ಅದೇ. ಮಡಿಸಬೇಡಿ, ಒಂದೇ ಪದರ. ಇಲಿ ಕಡಿದ ಅಂಚು ಬರೋದು ಪ್ರತಿ ಸಲ ಅಲಗಿನ ತುದಿವರೆಗೆ ಮುಚ್ಚೋದರಿಂದ. ಕೊನೇ ಅರ್ಧ ಇಂಚು ಮುಚ್ಚೋ ಮುಂಚೆಯೇ ಮುಂದೆ ತಳ್ಳಿ.

ಕತ್ತರಿಯ ಸ್ಕ್ರೂ ಪರೀಕ್ಷೆ: ಒಂದು ಹಿಡಿ ಹಿಡಿದು ಅಲಗು ಅಡ್ಡಡ್ಡ ತೆರೆದು ಇನ್ನೊಂದನ್ನು ಬಿಡಿ. ಅರ್ಧ ದಾರಿಗೆ ಬಂದು ನಿಲ್ಲಬೇಕು. ಧಡಕ್ಕನೆ ಮುಚ್ಚಿದರೆ ಸಡಿಲ, ಅಲಗುಗಳ ನಡುವೆ ನಾರು ಮಡಚಿಕೊಳ್ಳುತ್ತೆ. ಅಲ್ಲಾಡದಿದ್ರೆ ಬಿಗಿ, ಇಲ್ಲವೇ ಸ್ಕ್ರೂ ಸುತ್ತ ನಾರು ತುಂಬಿದೆ. ಹಳೇ ಟೂತ್‌ಬ್ರಶ್‌ನಲ್ಲಿ ಉಜ್ಜಿ ಒಂದು ಹನಿ ಮೆಷಿನ್ ಎಣ್ಣೆ ಬಿಡಿ, ಆಮೇಲೆ ಚೂರು ಬಟ್ಟೆಯಲ್ಲಿ ನಾಲ್ಕು ಸಲ ಕತ್ತರಿಸಿ ಒರೆಸಿ. ಇಲ್ಲಾಂದ್ರೆ ಬಿಳಿ ವಾಡಿಂಗ್ ಮೇಲೆ ಕಲೆ. ಸಕಲೇಶಪುರದ ಮಳೆಗಾಲದಲ್ಲಿ ಎಣ್ಣೆ ಸವರದೆ ಇಟ್ಟ ಅಲಗು ತುಕ್ಕು ಹಿಡಿಯೋದು ಹೇಗಂತ ನಿಮಗೆ ನಾನು ಹೇಳಬೇಕಾಗಿಲ್ಲ. ಸಾಣೆ ಹಿಡಿಸೋವಾಗ ವಾಡಿಂಗ್ ಕತ್ತರಿ ಅಂತಲೇ ಹೇಳಿ, ಬ್ಲೌಸ್ ಬಟ್ಟೆ ಕತ್ತರಿಸೋದನ್ನು ಇದಕ್ಕೆ ಬಳಸಬೇಡಿ. ಪಾಲಿಯೆಸ್ಟರ್ ನಾರು ಬಾಯಿಯನ್ನು ಬೇಗ ಸವೆಸುತ್ತೆ.

ಕರೆಂಟಿನದ್ದು ಆರು ರಜಾಯಿಗೆ ದಂಡ. ಗಾರ್ಮೆಂಟ್ಸ್‌ನಲ್ಲಿ ಓಡೋ ದುಂಡು ಬ್ಲೇಡಿನ ಮೆಷಿನ್ ಗಟ್ಟಿ ಬಟ್ಟೆಗೆ ಸರಿ, ಆದರೆ ಬಿಡಿ ವಾಡಿಂಗ್ ಅದರ ಕೆಳಗಿನ ಪಾದಕ್ಕೆ ಸುತ್ತಿಕೊಂಡು ನಿಲ್ಲುತ್ತೆ. ಬ್ಲೇಡ್ ಮೊಂಡಾಗಿ ಪದರ ಹೆಚ್ಚಾದರೆ ಬಿಸಿಗೆ ಪಾಲಿಯೆಸ್ಟರ್ ಕರಗಿ ಅಂಚಿನಲ್ಲಿ ಗಟ್ಟಿ ಕಾಳು ಕಟ್ಟುತ್ತೆ. ಕಾಯಿಸಿದ ಚಾಕುವಿನಿಂದ ಕತ್ತರಿಸಿ ಅಂತ ಯಾರಾದರೂ ಹೇಳಿದ್ರೆ ಅದಕ್ಕೂ ಇದೇ ಉತ್ತರ, ಜೊತೆಗೆ ಹೊಗೆ ಬೇರೆ.

ಉತ್ತರ (ಹಾಸನ)

ಒಂದು ಲೆಕ್ಕ ಯಾರೂ ಹೇಳಲಿಲ್ಲ. 60×90ಕ್ಕೆ ಸುತ್ತ 3 ಇಂಚು ಬಿಟ್ಟರೆ ವಾಡಿಂಗ್ 66×96 ಬೇಕು. ರೋಲ್ ಪನ್ನ 60. ಆರು ಇಂಚು ಸಾಲದು, ಜೋಡಿಸಲೇಬೇಕು. 96 ಇಂಚಿನ ಏಳು ತುಂಡು ತೆಗೆಯಿರಿ. ಏಳನೆಯದನ್ನು 10 ಇಂಚು ಅಗಲದ ಆರು ಪಟ್ಟಿ ಮಾಡಿ, ರಜಾಯಿಗೊಂದು. ಪಟ್ಟಿಯನ್ನು ದೊಡ್ಡ ತುಂಡಿನ ಮೇಲೆ 4 ಇಂಚು ಏರಿಸಿ ಇಟ್ಟರೆ 60+10−4, ಸರಿಯಾಗಿ 66. ಒಟ್ಟು 672 ಇಂಚು, 17 ಮೀಟರ್ ಚಿಲ್ಲರೆ. 18 ತಂದಿಟ್ಟುಕೊಳ್ಳಿ. ಅಂಗಡಿಯಲ್ಲಿ ‘ವಾಡಿಂಗ್’ ಅಂತಲೇ ಕೇಳಿ. ಅದರ ಇನ್ನೊಂದು ಹೆಸರು ಬ್ಯಾಟಿಂಗ್, ಹಾಗಂದ್ರೆ ಕ್ರಿಕೆಟ್ ಸಾಮಾನಿನ ಅಂಗಡಿ ತೋರಿಸ್ತಾರೆ.

ಏರಿಸಿದ ಆ 4 ಇಂಚಿನೊಳಗೇ, ಎರಡೂ ಬದಿಗೆ ಅರ್ಧ ಇಂಚು ಬಿಟ್ಟು, ಹಾವು ಹರಿದ ಹಾಗೆ ನಿಧಾನ ತಿರುವಿನಲ್ಲಿ ಎರಡೂ ಪದರ ಒಟ್ಟಿಗೆ ಕತ್ತರಿಸಿ. ಎರಡು ಪದರ ಸೇರಿಸಬೇಕಾದ್ದು ಇಲ್ಲಿ ಮಾತ್ರ, ಪಿನ್ ಹಾಕಿಕೊಂಡೇ. ಚೂರು ತೆಗೆದರೆ ಎರಡು ಅಂಚೂ ಒಂದಕ್ಕೊಂದು ಕೂಡಿ ಕೂರುತ್ತೆ. ರೋಲಿನ ತೆಳ್ಳನೆಯ ಅಂಚು ಈ ಚೂರಿನ ಜೊತೆಗೇ ಹೋಗುತ್ತೆ. ನೇರ ಗೆರೆಯಲ್ಲಿ ಜೋಡಿಸಿದರೆ ರಜಾಯಿ ಅಲ್ಲೇ ಮಡಚಿಕೊಳ್ಳೋಕೆ ಶುರುವಾಗುತ್ತೆ.

ಕತ್ತರಿಸೋ ಹಿಂದಿನ ದಿನವೇ ರೋಲ್ ಬಿಚ್ಚಿ ಹರವಿಡಿ. ಬಿಗಿಯಾಗಿ ಸುತ್ತಿದ್ದು ಬಿಚ್ಚಿದ ಮೇಲೆ ಉಬ್ಬಿ ಉದ್ದ ಸ್ವಲ್ಪ ಕುಗ್ಗುತ್ತೆ. ಸೀಮೆಸುಣ್ಣದಲ್ಲಿ ಗೆರೆ ಹಾಕಬೇಡಿ, ನಾರು ಎದ್ದು ಬರುತ್ತೆ. ನೆಲಕ್ಕೆ ಎರಡಡಿ ಟೈಲ್ಸ್ ಹಾಕಿದ ರೂಮಿದ್ರೆ ಇನ್ನೂ ಸುಲಭ: ಎರಡಡಿ ಅಂತ ಮಾರೋ ಟೈಲ್ಸ್ ಸಾಮಾನ್ಯವಾಗಿ 60 ಸೆಂ.ಮೀ., ನಾಲ್ಕು ಟೈಲ್ ಅಂದ್ರೆ ಸುಮಾರು ತೊಂಬತ್ನಾಲ್ಕೂವರೆ ಇಂಚು, ಮೇಲೆ ಒಂದೂವರೆ ಇಂಚು ಸೇರಿಸಿಕೊಳ್ಳಿ, ಸಂದಿನ ಗೆರೆಯೇ ಸ್ಕೇಲ್.

ಕೇಳಿದವರು (ಸಕಲೇಶಪುರ)

ಅಳೆದೆ. ಸರಿಯಾಗಿ 14 ಸೆಂ.ಮೀ.ಗೊಂದು. ಬ್ಲೇಡಿನ ಬಾಯಲ್ಲಿ ಉಗುರಿಗೆ ಸಿಗೋಷ್ಟು ಕಚ್ಚು ಇದೆ. ಜೋಡಿಸೋಕೆ ಜಿಗ್‌ಜಾಗ್ ಹಾಕಲಾ? ಮನೇಲಿರೋದು ಹಳೇ ಕಪ್ಪು ಕಾಲ್ತುಳಿ ಮೆಷಿನ್.

ಉತ್ತರ (ಚಿಕ್ಕಮಗಳೂರು)

ಆ ಮೆಷಿನ್ನಿಗೆ ನೇರ ಹೊಲಿಗೆ ಬಿಟ್ಟು ಬೇರೇನೂ ಬರಲ್ಲ, ಕೈಯಲ್ಲೇ ಹಾಕಿ. ಅಂಚು ಒಂದರ ಮೇಲೊಂದು ಏರಬಾರದು, ಪಕ್ಕಪಕ್ಕ ತಾಗಿರಲಿ. ಬಿಳಿ ದಾರ, ಆ ಕಡೆ ಒಂದು ಈ ಕಡೆ ಒಂದು ಅಡ್ಡ ಹೊಲಿಗೆ, ಅರ್ಧ ಇಂಚಿಗೊಂದು. ದಾರ ಬಿಗಿಯಾಗಿ ಎಳೆದರೆ ಏಣು ಎದ್ದು ಮೇಲಿನ ಬಟ್ಟೆಯಲ್ಲೂ ಕಾಣುತ್ತೆ. ಬೆರಳಾಡಿಸಿದಾಗ ಜೋಡಣೆ ಸಿಗಬಾರದು, ಅಷ್ಟು ಸಡಿಲ. ಹೊಸ 45ರ ಬ್ಲೇಡ್ ಒಂದು ತಂದಿಡಿ ಸಾಕು, ಕೊನೆಯ ಅಂಚಿಗೆ. ಆಗಲೂ ನಿಮ್ಮ ಚಿಕ್ಕ ಮ್ಯಾಟನ್ನೇ ಸರಿಸಿಕೊಂಡು ಹೋಗಿ, ಗ್ರಾನೈಟ್ ಮೇಲೆ ಮಾತ್ರ ಬೇಡ.