ಶಾಂತತ್ತೆಯ ಇಂಜೆಕ್ಷನ್

‘ದೊಡ್ಡಮನೆ ಬಳಗ’ ಗುಂಪು, ಭಾನುವಾರ ಬೆಳಿಗ್ಗೆ

ಕಾರ್ತಿಕ್: (ಚಿತ್ರ: ‘ನ್ಯಾಂಡ್ರೊಲೋನ್ ಡೆಕನೊಯೇಟ್’ ಎಂದು ಬರೆದ ಪುಟ್ಟ ಬಾಟಲಿ) ಮೂರು ತಿಂಗಳಲ್ಲಿ ಸಿಂಹದ ಮೈಕಟ್ಟು, ಅಡ್ಡಪರಿಣಾಮ ಸೊನ್ನೆ. ಜಿಮ್ ಗುಂಪಿನಲ್ಲಿ ಬಂದದ್ದು.

ಸೀನು ಚಿಕ್ಕಪ್ಪ: ಏನಿದು, ಹರಳೆಣ್ಣೆಯೇ?

ವನಜಾ ದೊಡ್ಡಮ್ಮ: ಎಣ್ಣೆಯೇ, ಆದರೆ ಹೆಚ್ಚಾಗಿ ಕಡಲೆಕಾಯಿಯದು. ಅದರಲ್ಲಿ ಕರಗಿರುವುದು ಸ್ನಾಯು ಬೆಳೆಸುವ ಸ್ಟೀರಾಯ್ಡ್. ನರ್ಸ್ ಆಗಿದ್ದಾಗ ಎಷ್ಟೋ ಜನರಿಗೆ ಚುಚ್ಚಿದ್ದೇನೆ. ಚಳಿಗಾಲದಲ್ಲಿ ಅಂಗೈಯಲ್ಲಿ ಉರುಳಿಸಿ ಬೆಚ್ಚಗೆ ಮಾಡದಿದ್ದರೆ ಸಿರಿಂಜಿಗೆ ಏರಲು ಸತಾಯಿಸುತ್ತದೆ. ಒಮ್ಮೆ ಸ್ನಾಯುವಿಗೆ ಹೋದರೆ ಅಲ್ಲೇ ಕುಳಿತು ವಾರಗಟ್ಟಲೆ ರಕ್ತಕ್ಕೆ ಜಿನುಗುತ್ತದೆ.

ಕಾರ್ತಿಕ್: ಶಾಂತತ್ತೆಗೆ ಡಾಕ್ಟರೇ ಇದನ್ನು ಕೊಟ್ಟಿದ್ದರಲ್ಲ? ಅವರಿಗೆ ಅಮೃತ, ನನಗೆ ವಿಷವೇ?

ಶಾಂತತ್ತೆ: ನನ್ನ ಮೂಳೆ ಸವೆದಿತ್ತಪ್ಪ. ಮೂರು ವಾರಕ್ಕೊಮ್ಮೆ 50 ಮಿಲಿಗ್ರಾಂ. ನಾಲ್ಕನೆಯದರ ಹೊತ್ತಿಗೆ ಧ್ವನಿ ಒಡೆಯಿತು, ಡಾಕ್ಟರು ಅಂದೇ ನಿಲ್ಲಿಸಿದರು. ಒಡೆದ ಧ್ವನಿ ಮಾತ್ರ ಹಿಂದಿರುಗಲಿಲ್ಲ. ಫೋನಿನಲ್ಲಿ ಹೊಸಬರು ಈಗಲೂ ನನ್ನನ್ನು ‘ಸಾರ್’ ಎನ್ನುತ್ತಾರೆ.

ಕಾರ್ತಿಕ್: ನನ್ನ ಧ್ವನಿ ಒಡೆದು ಮೂರು ವರ್ಷವಾಯಿತು ಅತ್ತೆ.

ವನಜಾ ದೊಡ್ಡಮ್ಮ: ಹುಡುಗರ ಪಾಡು ಬೇರೆ. ಹೊರಗಿನಿಂದ ಪುರುಷ ಹಾರ್ಮೋನಿನಂಥದ್ದು ಬಂದು ಬಿದ್ದರೆ, ಮಿದುಳು ‘ಸರಕು ಸಾಕಷ್ಟಿದೆ’ ಎಂದುಕೊಂಡು ವೃಷಣಗಳಿಗೆ ಆದೇಶ ಕಳಿಸುವುದನ್ನೇ ನಿಲ್ಲಿಸುತ್ತದೆ. ಕೆಲಸವಿಲ್ಲದ ವೃಷಣ ಕುಗ್ಗುತ್ತದೆ, ವೀರ್ಯಾಣು ಇಳಿಯುತ್ತದೆ. ಚುಚ್ಚುವುದನ್ನು ಬಿಟ್ಟ ಮೇಲೂ ಕಾರ್ಖಾನೆ ಮತ್ತೆ ತೆರೆಯಲು ತಿಂಗಳುಗಳೇ ಬೇಕಾಗಬಹುದು. ಒಳ್ಳೆಯ ಕೊಲೆಸ್ಟರಾಲ್ ಕುಸಿಯುವುದು, ಹೃದಯದ ಗೋಡೆ ದಪ್ಪಗಾಗುವುದು ಕನ್ನಡಿಯಲ್ಲಿ ಕಾಣುವುದಿಲ್ಲ. ಜಿಮ್ಮಿನವರು ಶಾಂತಳ ಅಳತೆಗೆ ನಿಲ್ಲುವವರೂ ಅಲ್ಲ, ಅದರ ಎಷ್ಟೋ ಪಟ್ಟು ಏರಿಸುತ್ತಾರೆ. ನಿನಗಿನ್ನೂ 17. ಮೂಳೆಯ ತುದಿಗಳು ಬೇಗ ಬೆಸೆದುಕೊಂಡರೆ ಎತ್ತರ ಅಲ್ಲಿಗೇ ನಿಂತಿತು.

ಸೀನು ಚಿಕ್ಕಪ್ಪ: ನಮ್ಮ ಕಾಲದಲ್ಲಿ ಗರಡಿಮನೆ, ಬಾದಾಮಿ, ಹಾಲು. ಅಷ್ಟೇ.

ವನಜಾ ದೊಡ್ಡಮ್ಮ: ನೀನು ಗರಡಿಗೆ ಹೋದದ್ದು ಎರಡು ದಿನ. ಸುಮ್ಮನಿರು.

ಕಾರ್ತಿಕ್: ಕಬಡ್ಡಿ ಆಯ್ಕೆಗೆ ಒಂದು ತಿಂಗಳ ಮೊದಲು ಬಿಟ್ಟರೆ ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಗುವುದಿಲ್ಲವಂತೆ.

ವನಜಾ ದೊಡ್ಡಮ್ಮ: ಯಾರಂತೆ ಹೇಳಿದವರು? ಇದರ ಗುರುತು ಮೂತ್ರದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ತಿಳಿಯದೆ ತೆಗೆದುಕೊಂಡೆ ಎಂದರೂ ಬಿಡುವುದಿಲ್ಲ. 2011ರಲ್ಲಿ ಬೇರೆ ಸ್ಟೀರಾಯ್ಡ್‌ಗಳಿಗೆ ಸಿಕ್ಕಿಬಿದ್ದ ನಮ್ಮ ರಿಲೇ ಓಟಗಾರ್ತಿಯರು, ಕೋಚ್ ತಂದುಕೊಟ್ಟ ಜಿನ್ಸೆಂಗ್ ಎಂಬ ಗಿಡಮೂಲಿಕೆಯಲ್ಲೇ ಅದು ಬೆರೆತಿತ್ತು ಎಂದು ವಾದಿಸಿದರು. ಇಲ್ಲಿ ಒಂದು ವರ್ಷದ ನಿಷೇಧವಾಗಿತ್ತು. 2012ರಲ್ಲಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ ಅದನ್ನು ಎರಡಕ್ಕೆ ಏರಿಸಿತು.

ಕಾರ್ತಿಕ್: ಅಯ್ಯೋ, ನಾನು ಸುಮ್ಮನೆ ಫಾರ್ವರ್ಡ್ ಮಾಡಿದ್ದು. ಇಷ್ಟೆಲ್ಲ ಏಕೆ?

ಶಾಂತತ್ತೆ: ಬಾಟಲಿಯ ಹಿಂದೆ ಕಾಣುವ ನೀಲಿ ಪರದೆ ನಿನ್ನ ಕೋಣೆಯದು. ಅಂಚು ಹೊಲಿದವಳು ನಾನು.

(ಕಾರ್ತಿಕ್ ಕಳಿಸಿದ ಚಿತ್ರವನ್ನು ಅಳಿಸಲಾಗಿದೆ)

ಸೀನು ಚಿಕ್ಕಪ್ಪ: ಯಾವ ಪರದೆ? ನನಗೇನೂ ಕಾಣಿಸುತ್ತಿಲ್ಲವಲ್ಲ.

ವನಜಾ ದೊಡ್ಡಮ್ಮ: ಕಾರ್ತಿಕ್, ಬಾಗಿಲು ತೆಗೆದಿಡು. ಆಟೋ ಹತ್ತಿದ್ದೇನೆ.