ಅಪ್‌ಡೇಟ್: ಕೂದಲು ಕಸಿಯನ್ನು ಮುಚ್ಚಿಡಬೇಕೇ ಎಂದು ಕೇಳಿದ್ದವನಿಂದ

ಕೂದಲು ಕಸಿಯ ವಿಷಯವನ್ನು ಉಡುಪಿಯ ಮನೆಯವರಿಂದಲೂ ಮಂಗಳೂರಿನ ಸಹೋದ್ಯೋಗಿಗಳಿಂದಲೂ ಮುಚ್ಚಿಡಬಹುದೇ ಎಂದು ನಾನು ಕೇಳಿದ್ದಾಗ, ತಿರುಪತಿಯಲ್ಲಿ ಮುಡಿ ಕೊಟ್ಟೆನೆಂದು ಹೇಳಿಬಿಡಿ ಎಂದು ಹಲವರು ಸಲಹೆ ನೀಡಿದ್ದಿರಿ. ಕಸಿ ಮುಗಿದಿದೆ, ಆ ಸುಳ್ಳನ್ನು ನಾನು ಹೇಳಲಿಲ್ಲ. (ಹೇಳಿದ್ದರೆ ಅಮ್ಮ ಮೊದಲು ಲಡ್ಡು ಎಲ್ಲಿ ಎಂದು ಕೇಳುತ್ತಿದ್ದರು.)

ಮುಡಿ ಕೊಟ್ಟ ತಲೆಯಲ್ಲಿ ಕೂದಲು ಸಮನಾಗಿ ಬೆಳೆಯುತ್ತದೆ. ಎಫ್‌ಯುಇ ಎಂಬ ಕಸಿ ವಿಧಾನದಲ್ಲಾದರೋ ಹಿಂದಲೆಯಿಂದ ಕೂದಲ ಬುಡಗಳನ್ನು ಒಂದೊಂದಾಗಿ ತೆಗೆದು ಮುಂದೆ ನೆಡುವುದರಿಂದ ಅಲ್ಲಿ ಚುಕ್ಕಿಗಳೂ ಇಲ್ಲಿ ಸುಮಾರು 10 ದಿನ ಹಕ್ಕಳೆಗಳೂ ಕಾಣಿಸುತ್ತವೆ. ನೆಟ್ಟ ಕೂದಲು ಕೆಲವೇ ವಾರಗಳಲ್ಲಿ ಹೆಚ್ಚುಕಡಿಮೆ ಉದುರಿಹೋಗಿ, 3–4 ತಿಂಗಳ ನಂತರ ಮತ್ತೆ ಚಿಗುರತೊಡಗಿ, ಪೂರ್ಣ ರೂಪಕ್ಕೆ ಬರಲು ವರ್ಷವೇ ಬೇಕಾಗುತ್ತದೆ. ಅಷ್ಟು ಕಾಲ ಒಂದು ಸುಳ್ಳನ್ನು ಸಾಕುವುದು ಕಸಿಗಿಂತ ಕಷ್ಟದ ಕೆಲಸ. ಉಳಿದ ಕೂದಲನ್ನು ಕಾಪಾಡಲು ವೈದ್ಯರು ಸೂಚಿಸಿದ ಫಿನಾಸ್ಟರೈಡ್ ಮಾತ್ರೆಯೂ ಮನೆಯಲ್ಲಿ ಯಾರ ಕಣ್ಣಿಗಾದರೂ ಬಿದ್ದು ದೊಡ್ಡ ಕಾಯಿಲೆಯ ಅನುಮಾನ ಹುಟ್ಟಿಸುತ್ತಿತ್ತು.

ಹಾಗಾಗಿ ಮನೆಯಲ್ಲಿ ನಿಜವನ್ನೇ ಹೇಳಿದೆ. ಅಪ್ಪ "ಗಂಡಸರಿಗೆ ಇದೆಲ್ಲ ಯಾಕೆ" ಎಂದರು. ತಿಂಗಳಿಗೊಮ್ಮೆ ತಲೆಗೆ ಬಣ್ಣ ಹಚ್ಚಿಕೊಳ್ಳುವ ಅವರಿಗೆ ನಾನು ಉತ್ತರಿಸಲಿಲ್ಲ. ನಗಾಡಿದ್ದ ಬಾವ ಮಾತ್ರ ಮರುದಿನ ಯಾರಿಗೂ ಕೇಳಿಸದಂತೆ ಖರ್ಚೆಷ್ಟೆಂದು ವಿಚಾರಿಸಿದರು. ಕಚೇರಿಯಲ್ಲಿ ಯಾರೂ ಕೇಳಿಲ್ಲ, ನಾನಾಗಿ ಹೇಳಿಯೂ ಇಲ್ಲ. ಮದುವೆಯ ಮಾತುಕತೆ ಬಂದರೆ ಹುಡುಗಿಗೆ ನಾನೇ ಮೊದಲು ತಿಳಿಸುವುದೆಂದು ಅಮ್ಮನೊಂದಿಗೆ ಮಾತಾಗಿದೆ.